ಅಪ್ಪನ ನೋವಿನ ಪಟ್ಟಿ

ನಮ್ಮ ಸೀಮೆಯ ಜನಕ್ಕೆ ಕೊಟ್ಟು ತಿನ್ನುವ ಗುಣವಿದೆ. ಒಂದು ಮನೆಯಲ್ಲಿ ಹಲಸಿನ ಹಣ್ಣು ಬಿಡಿಸಿದರೆ ನಾಲ್ಕು ಮನೆಗೆ ತೊಳೆ ಹೋಗುತ್ತದೆ. ಹಸು ಕರು ಹಾಕಿದರೆ ಬೀದಿಗೆಲ್ಲ ಗಿಣ್ಣು. ಇದು ನನಗೂ ಹೆಮ್ಮೆಯೇ. ಆದರೆ ಅದೇ ಕೈಯಲ್ಲಿ ಮಾತ್ರೆಯನ್ನೂ ಹಂಚುತ್ತಾರೆ ನೋಡಿ, ಅಲ್ಲಿ ನನ್ನ ರಕ್ತ ಕುದಿಯುತ್ತದೆ. "ನಂಗೆ ಮಂಡಿನೋವಿಗೆ ಕೊಟ್ಟಿದ್ರು ಕಣಕ್ಕ, ಒಂದು ನುಂಗಿ ನೋಡು, ಊವೆತ್ತಿದಂಗಾಯ್ತದೆ" ಎಂದು ಬೇಲಿಯ ಮೇಲಿಂದ ದಾಟಿಸುತ್ತಾರೆ. ಗಂಡನ ಬಿ.ಪಿ. ಮಾತ್ರೆ ಹೆಂಡತಿಗೆ, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ ಸೊಸೆಗೆ. ಮೂವತ್ತನಾಲ್ಕು ವರ್ಷ ಬೈದಿದ್ದೇನೆ. ಬೈಸಿಕೊಂಡವರು ನಕ್ಕು, ನನಗೂ ಒಂದು ಲೋಟ ಕಾಫಿ ಕೊಟ್ಟು ಕಳಿಸಿದ್ದಾರೆ.

ನಾನು ಮಹದೇವಮ್ಮ, ಸೋಸಲೆಯವಳು. ಸರ್ಕಾರಿ ನರ್ಸಾಗಿ ಊರೂರು ತಿರುಗಿ, ನೂರಾರು ಹೆರಿಗೆ ಮಾಡಿಸಿ, ರಿಟೈರಾದೆ. ಮನೆಯಲ್ಲಿ ಕೂತರೆ ಕಾಲು ಹಿಡಿದುಕೊಳ್ಳುತ್ತದೆ ಎಂದು ಮೂರು ವರ್ಷದಿಂದ ಇನ್ನೊಂದು ಕೆಲಸ ಹಿಡಿದಿದ್ದೇನೆ. ವಾಸಿಯಾಗುವುದಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ ರೋಗಿಗಳನ್ನು ನೋಡಿಕೊಳ್ಳುವ ತಂಡ ನಮ್ಮದು. ರಮ್ಯ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಔಷಧಿ ಬರೆಯುತ್ತಾರೆ. ನಾನು ಮನೆಮನೆಗೆ ಹೋಗಿ ಗಾಯ ತೊಳೆದು, ಔಷಧಿ ಎಣಿಸಿ, ಮನೆಯವರಿಗೆ ಹೇಳಿಕೊಟ್ಟು ಬರುತ್ತೇನೆ. ಜನ ನನ್ನ ಬೆನ್ನ ಹಿಂದೆ "ಸಾವಿನ ನರ್ಸಮ್ಮ" ಎನ್ನುತ್ತಾರೆ. ಎಂದುಕೊಳ್ಳಲಿ ಬಿಡಿ, ಹೆಸರಿನಲ್ಲೇನಿದೆ ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಚಿಕ್ಕಯ್ಯನಛತ್ರದಿಂದ ಎರಡು ಮೈಲಿ ಒಳಗೆ ಶಂಭುಲಿಂಗಪ್ಪನವರ ಮನೆ. ಹೊಲಗದ್ದೆಯ ಜೊತೆಗೆ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದವರು. ನಲವತ್ತು ವರ್ಷ ಕಡ್ಡಿಪುಡಿ ಹೊಗೆಸೊಪ್ಪು ಹಾಕಿ, ಎಡಗೆನ್ನೆಯಲ್ಲಿ ಹುಣ್ಣಾಗಿ, ಅದು ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ದವಡೆ ಹಿಡಿದಿತ್ತು. ಆಪರೇಷನ್ ಆಯಿತು, ರೇಡಿಯೇಷನ್ ಕರೆಂಟು ಕೊಡಿಸಿದ್ದೂ ಆಯಿತು, ಮತ್ತೆ ಬೆಳೆಯಿತು. ನಾನು ಮೊದಲ ಸಲ ಹೋದಾಗ ಆ ಮನುಷ್ಯ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ಹೆಂಡತಿ ಸರ್ವಮಂಗಳಮ್ಮ ಗೋಡೆಗೂ ತಲೆಗೂ ನಡುವೆ ತಮ್ಮ ಅಂಗೈ ಇಟ್ಟುಕೊಂಡು ನಿಂತಿದ್ದರು. ಆ ಅಂಗೈ ಕಂದಿ ನೀಲಿಯಾಗಿತ್ತು.

ಮಾತ್ರೆ ನುಂಗಲು ಗಂಟಲು ಬಿಡುತ್ತಿರಲಿಲ್ಲ. ಅದಕ್ಕೇ ರಮ್ಯ ಡಾಕ್ಟರು ಚರ್ಮಕ್ಕೆ ಅಂಟಿಸುವ ಪ್ಯಾಚು ಬರೆದರು. ಫೆಂಟನಿಲ್ ಅಂತ ಅದರ ಹೆಸರು, ಅಫೀಮಿನ ಬಳಗದ ಔಷಧಿ. ನೋಡಲು ಏನೂ ಇಲ್ಲ, ಬೆಂಕಿಪೊಟ್ಟಣದ ಮೇಲ್ಮೈಯಷ್ಟಗಲದ ತೆಳ್ಳಗಿನ ಹಾಳೆ. ಎದೆಗೆ ಅಂಟಿಸಿದರೆ ಮೂರು ದಿನ ಸಣ್ಣಗೆ ಒಳಗಿಳಿಯುತ್ತದೆ. ಅಂಟಿಸಿದ ಎರಡನೆಯ ದಿನ ಶಂಭುಲಿಂಗಪ್ಪ ಆರು ಗಂಟೆ ನಿದ್ದೆ ಮಾಡಿದರು. ನಾಲ್ಕನೆಯ ದಿನ ರಾಗಿ ಗಂಜಿ ಕುಡಿದರು. ವಾರದೊಳಗೆ ಜಗುಲಿಗೆ ಬಂದು ಕೂತು, ಮಗ ನಂಜೇಶನನ್ನು ಕೈಸನ್ನೆಯಲ್ಲಿ ಕರೆದು ಅಂಗಡಿಯ ಲೆಕ್ಕ ಕೇಳಿದರಂತೆ! ಸರ್ವಮಂಗಳಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, "ಪಟ್ಟಿ ಅಲ್ಲ ಸಿಸ್ಟ್ರೇ ಇದು, ನಂಜುಂಡೇಸ್ವರನೇ ಬಂದು ಎದೆ ಮ್ಯಾಲೆ ಕೂತವ್ನೆ" ಎಂದು ಅತ್ತರು. ನಾನೂ ಕಣ್ಣೊರೆಸಿಕೊಂಡೆ. ನೋವು ನಿಂತ ಮನೆಯನ್ನು ನೋಡುವುದಕ್ಕಿಂತ ದೊಡ್ಡ ಸಂತೋಷ ನನಗೆ ಬೇರೆ ಇಲ್ಲ.

ಈಗ ನನ್ನ ತಪ್ಪು ಹೇಳಬೇಕು. ಹೇಳದಿದ್ದರೆ ಈ ಕಥೆ ಬರೆಯುವ ಯೋಗ್ಯತೆ ನನಗಿಲ್ಲ.

ಇಂಥ ಔಷಧಿ ಕೊಡುವಾಗ ಹೇಳಬೇಕಾದ ಮಾತುಗಳಿವೆ. ಯಾರ ಹೆಸರಿಗೆ ಬರೆದಿದೆಯೋ ಅವರಿಗೆ ಮಾತ್ರ. ಇನ್ನೊಬ್ಬರಿಗೆ ಅಂಟಿಸಿದರೆ ಉಸಿರು ನಿಲ್ಲಬಹುದು. ಪ್ಯಾಚಿನ ಮೇಲೆ ಬಿಸಿ ತಾಗಬಾರದು, ತಾಗಿದರೆ ಮೂರು ದಿನದ ಔಷಧಿ ಒಟ್ಟಿಗೆ ನುಗ್ಗುತ್ತದೆ. ತೆಗೆದ ಹಳೆಯ ಪಟ್ಟಿಯಲ್ಲೂ ಅರ್ಧದಷ್ಟು ಔಷಧಿ ಉಳಿದಿರುತ್ತದೆ, ಅದನ್ನು ಅಂಟು ಒಳಗಾಗುವಂತೆ ಮಡಿಸಿ ಡಬ್ಬಿಗೆ ಹಾಕಿ ನನಗೆ ವಾಪಸು ಕೊಡಬೇಕು. ಇದನ್ನೆಲ್ಲ ರಮ್ಯ ಡಾಕ್ಟರು ಕೂತು ಹೇಳಿದರು, ನಾನೂ ಹೇಳಿದೆ. ಹೇಳಿದ್ದು ಯಾರಿಗೆ? ನಂಜೇಶನಿಗೆ. ಅವನು ಓದಿದವನು, ಮನೆಗೆ ಗಂಡುಮಗ, ಕಾಗದಕ್ಕೆ ಸಹಿ ಹಾಕಿದವನು. "ಆಯ್ತು ಮೇಡಂ, ಆಯ್ತು ಸಿಸ್ಟರ್" ಎಂದು ತಲೆ ಆಡಿಸಿದ. ಸರ್ವಮಂಗಳಮ್ಮ ಕಾಫಿ ಲೋಟ ಇಟ್ಟು, ಒಲೆಯ ಮೇಲೆ ಸಾರಿದೆ ಎಂದು ಒಳಗೆ ಹೋದರು. ನಾನು ಅವರನ್ನು ಕೂರಿಸಲಿಲ್ಲ.

ಆಮೇಲೆ ನೋಡಿದರೆ ಅಪ್ಪನ ಗಾಯದ ವಾಸನೆ ನಂಜೇಶನಿಗೆ ತಡೆಯಲಾಗುತ್ತಿರಲಿಲ್ಲ. ಮೊದಲ ದಿನದಿಂದಲೂ ಪಟ್ಟಿ ಬದಲಿಸುತ್ತಿದ್ದುದು ಸರ್ವಮಂಗಳಮ್ಮ. ನನಗೆ ಗೊತ್ತಾದಾಗ, "ಒಳ್ಳೇದಾಯ್ತು, ನಿಮ್ಮ ಕೈ ಶುದ್ಧ" ಎಂದು ಹೊಗಳಿದೆ. ಹೇಗೆ ಅಂಟಿಸಬೇಕು, ಹೇಗೆ ಮಡಿಸಬೇಕು ಎಂದು ತೋರಿಸಿದೆ. ಯಾಕೆ ಎಂದು ಹೇಳಲಿಲ್ಲ. ಮಗ ಹೇಳಿರುತ್ತಾನೆ ಎಂದುಕೊಂಡೆ. ಮಗ, ಅಮ್ಮನಿಗೆ ಸಿಸ್ಟರ್ ಹೇಳಿರುತ್ತಾರೆ ಎಂದುಕೊಂಡ. ನಮ್ಮ ಮನೆಗಳಲ್ಲಿ ಕೆಲಸವೆಲ್ಲ ಹೆಂಗಸಿನದು, ತಿಳಿವಳಿಕೆಯ ಮಾತು ಮಾತ್ರ ಗಂಡಸಿನ ಕಿವಿಗೆ. ಆ ಹಾಳು ಪದ್ಧತಿಯನ್ನು ನಾನೂ ಪಾಲಿಸಿದೆ.

"ಮೂರೇ ದಿನಕ್ಕೆ ಬಿಸಾಕದಾ ಇದ್ನ? ಇನ್ನೂ ಗಮ್ಮು ಅಂಗೇ ಅದೆ" ಎಂದು ಸರ್ವಮಂಗಳಮ್ಮ ಒಂದು ದಿನ ಕೇಳಿದ್ದರು. ಹರಿದ ಸೀರೆಯನ್ನು ಕೌದಿ ಮಾಡುವ, ಹಲಸಿನ ಬೀಜವನ್ನೂ ಒಣಗಿಸಿಡುವ ಹೆಂಗಸು. ನಾನು, "ರೂಲ್ಸು ಕಣ್ರೀ, ಕೊಡಬೇಕು ಅಷ್ಟೆ" ಎಂದೆ. ರೂಲ್ಸಂತೆ! ನನ್ನ ನಾಲಿಗೆಗೆ ಬರೆ ಹಾಕಬೇಕು.

ಅಷ್ಟರಲ್ಲಿ ಮಗಳು ಶ್ವೇತ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತಿ. ನರಸೀಪುರದಲ್ಲಿ ಗಂಡ ಮದನ್ ಮೊಬೈಲ್ ಅಂಗಡಿ ಇಟ್ಟಿದ್ದ, ಅವಳು ಅಲ್ಲೇ ಒಂದು ಶಾಲೆಯಲ್ಲಿ ಟೀಚರು. ಸಿಸೇರಿಯನ್ ಆಗಿ ಹೆಣ್ಣುಮಗು ಹುಟ್ಟಿತು. ಮನೆಗೆ ಬಂದ ದಿನವೇ ನಡುಮನೆಯ ಪಕ್ಕದ ಕೋಣೆಯನ್ನು ಬಾಣಂತಿ ಕೋಣೆ ಮಾಡಿ, ಕಿಟಕಿಗೆ ಕಂಬಳಿ ಬಡಿದರು. ಮಂಚದ ಕೆಳಗೆ ಕೆಂಡದ ಬಾಣಲೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ದಿನಕ್ಕೆರಡು ಸಲ ಸುಡುಸುಡು ನೀರು, ಕುಡಿಯಲು ಮಾತ್ರ ಅಳತೆಯ ನೀರು.

ಮಗುವಿಗೆ ಎಂಟು ದಿನವಾದಾಗ ನಾನು ಶಂಭುಲಿಂಗಪ್ಪನವರ ಗಾಯ ತೊಳೆದು, ಹಾಗೇ ಬಾಣಂತಿಯನ್ನೂ ನೋಡೋಣ ಎಂದು ಎದ್ದೆ. ಸರ್ವಮಂಗಳಮ್ಮ ಬಾಗಿಲಿಗೆ ಅಡ್ಡ ಬಂದು ನಿಂತರು.

"ಅಲ್ಲೇ ನಿಂತ್ಕಳಿ ಸಿಸ್ಟ್ರೇ. ತಪ್ಪು ತಿಳ್ಕಬ್ಯಾಡಿ. ನೀವು ಸಾಯೋರ ಮನೆಮನೆ ತಿರುಗೋರು. ಇದು ಅಸೀ ಬಾಣಂತಿ."

"ನೂರಾರು ಮಕ್ಕಳನ್ನ ಎತ್ತಿಕೊಂಡ ಕೈ ಇದು ಸರ್ವಮಂಗಳಮ್ಮ!"

"ಅದು ಆಗ. ಈಗ ನಿಮ್ಮ ಕೆಲ್ಸ ಬ್ಯಾರೆ ಅಲ್ವಾ."

ಜಗುಲಿಯಲ್ಲಿ ಶಂಭುಲಿಂಗಪ್ಪನವರ ಅಣ್ಣ ಶಿವಮಲ್ಲಪ್ಪ ಕೂತಿದ್ದರು. ಎಪ್ಪತ್ತೈದು ದಾಟಿದ ಯಜಮಾನರು, ಆ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. "ಸಾಸ್ತ್ರ ಅನ್ನೋದ್ನ ಸುಮ್ಸುಮ್ನೆ ಮಾಡಿಲ್ಲ ಕಣಮ್ಮ. ನಮ್ಮವ್ವ ಒಂಬತ್ತು ಎತ್ಲು. ಒಂಬತ್ತಕ್ಕೂ ಇದೇ ಕೆಂಡ, ಇದೇ ಕಾವು. ಏನಾಯ್ತು?"

"ಒಂಬತ್ತರಲ್ಲಿ ಎಷ್ಟು ಜನ ಉಳಿದ್ರಿ?"

"ನಾಲ್ಕು ಜನ" ಎಂದರು, ಒಂದಿಷ್ಟೂ ಅಳುಕದೆ. "ಮಿಕ್ಕಿದ್ದು ಸಿವನಿಚ್ಛೆ."

ಒಳಗಿನಿಂದ ಶ್ವೇತಳ ದನಿ ಬಂತು. "ಸಿಸ್ಟರ್, ಇವ್ರೆಲ್ಲ ಸೇರ್ಕೊಂಡು ನನ್ನ ಅಪ್ಪಳ ಸುಟ್ಟಂಗೆ ಸುಡ್ತಾವ್ರೆ. ಒಂದು ಕಂಪ್ಲೇಂಟ್ ಬರ್ಕೊಳ್ಳಿ!"

"ತಿರುಗಿಸಿ ಹಾಕಕ್ಕೆ ಹೇಳವ್ವ, ಒಂದೇ ಕಡೆ ಸೀದುಹೋಗ್ತೀಯ" ಎಂದೆ. ಅವಳು ನಕ್ಕಳು. ನಗುವಾಗ ಹೊಟ್ಟೆಯ ಹೊಲಿಗೆ ಎಳೆಯಿತೇನೋ, "ಅಯ್ಯಪ್ಪಾ" ಎಂದಳು. "ಸೊಂಟ ಬಿದ್ದೋಯ್ತಾ ಅದೆ ಸಿಸ್ಟರ್. ಬೆನ್ನಿಗೆ ಸೂಜಿ ಚುಚ್ಚಿದ್ರಲ್ಲ, ಆವತ್ನಿಂದ. ಕೂತು ಆಲು ಕುಡ್ಸೋಕಾಯ್ತಿಲ್ಲ."

"ಆಸ್ಪತ್ರೆಯವರು ಪ್ಯಾರಸಿಟಮಾಲ್ ಕೊಟ್ಟಿರಬೇಕಲ್ಲ?"

"ಅವ್ವ ಎತ್ತಿಟ್ಬುಟ್ಟವ್ರೆ. ಉಷ್ಣ ಅಂತೆ."

ನಾನು ಸರ್ವಮಂಗಳಮ್ಮನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಹಾಲೂಡಿಸುವ ತಾಯಿಗೂ ಆ ಮಾತ್ರೆ ಕೊಡಬಹುದು, ಹೇಳಿದಷ್ಟು ಕೊಟ್ಟರೆ ಏನೂ ಆಗುವುದಿಲ್ಲ, ನಾಳೆಯಿಂದಲೇ ಕೊಡಿ ಎಂದೆ. ಅವರು ತಲೆ ಆಡಿಸಿದರು. "ಪಾಪ, ರಾತ್ರಿಯೆಲ್ಲ ನರಳ್ತದೆ. ಎತ್ತ ಒಟ್ಟೆ, ನೋಡಕ್ಕಾಗಲ್ಲ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನು ಹೊಸಲು ದಾಟಲಿಲ್ಲ. ಪರರ ಮನೆ ಶಾಸ್ತ್ರ, ನಮಗೇಕೆ ಎಂದು ಬಸ್ಸು ಹತ್ತಿದೆ.

ಮೂರು ದಿನ ಬಿಟ್ಟು, ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮತ್ತೆ ಹೋದೆ. ಶಂಭುಲಿಂಗಪ್ಪ ಗೋಡೆಗೊರಗಿ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಕೈಯೆತ್ತಿ, ತಮ್ಮ ಎದೆಯ ಪಟ್ಟಿ ಮುಟ್ಟಿ, ಬಾಣಂತಿ ಕೋಣೆಯ ಕಡೆ ತೋರಿಸಿದರು. ಮತ್ತೆ ಎದೆ ಮುಟ್ಟಿದರು, ಮತ್ತೆ ಕೋಣೆ ತೋರಿಸಿದರು. ಬಾಯಿಂದ ಗೊರಗೊರ ಸದ್ದು ಬಿಟ್ಟರೆ ಮಾತಿಲ್ಲ. ಮಗಳು ಹೇಗಿದ್ದಾಳೆ ನೋಡಿ ಎನ್ನುತ್ತಿದ್ದಾರೆ ಎಂದುಕೊಂಡು, "ನೋಡ್ತೀನಿ ಕಣಪ್ಪ" ಎಂದು ಸಮಾಧಾನ ಹೇಳಿದೆ. ಅವರು ನನ್ನ ಕೈ ಬಿಡಲೇ ಇಲ್ಲ. ಬಿಡಿಸಿಕೊಂಡೆ.

ಹಳೆಯ ಪಟ್ಟಿಗಳ ಡಬ್ಬಿ ತೆರೆದು ಎಣಿಸಿದೆ. ನಾಲ್ಕಿರಬೇಕಿತ್ತು. ಎರಡಿತ್ತು.

"ಇನ್ನೆರಡು?"

"ಒಲೆಗಾಕ್ಬುಟ್ಟೆ ಸಿಸ್ಟ್ರೇ" ಎಂದರು ಸರ್ವಮಂಗಳಮ್ಮ. ನನ್ನ ಮುಖ ನೋಡಲಿಲ್ಲ.

"ಒಲೆಗೆ ಹಾಕ್ಬೇಡಿ ಅಂತ ಬಡ್ಕೊಂಡಿದ್ದೀನಿ ತಾನೆ? ನಾನು ಲೆಕ್ಕ ಒಪ್ಪಿಸ್ಬೇಕು. ನಾಳೆ ಔಷಧಿನೇ ನಿಲ್ಲಿಸಿಬಿಟ್ರೆ ಏನ್ ಮಾಡ್ತೀರಿ?" ಎಂದು ಗದರಿದೆ. ಅವರ ಮುಖ ಸಪ್ಪಗಾಯಿತು. ಔಷಧಿ ನಿಲ್ಲಿಸುತ್ತಾರೆ ಎಂಬ ಮಾತು ಆ ಹೆಂಗಸಿನ ಬಾಯಿಗೆ ಬೀಗ ಹಾಕಿತೆಂದು ನನಗೆ ಆಮೇಲೆ ತಿಳಿಯಿತು. ಆಗ ನಾನು ಅವರಿಗೆ ಬುದ್ಧಿ ಬಂತು ಎಂದುಕೊಂಡೆ.

ಕೋಣೆಯಿಂದ ಗೊರಕೆ ಕೇಳಿಸಿತು. ದೊಡ್ಡ ಗೊರಕೆ.

"ಶ್ವೇತಳಾ?"

"ಊ. ನೆನ್ನೆಯಿಂದ ಚೆನ್ನಾಗಿ ನಿದ್ದೆ ಅತ್ತದೆ. ಬೆಳಿಗ್ಗೆ ಎಬ್ಸಿ ನೀರಾಕಿದ್ರೆ ಬಚ್ಚಲಲ್ಲೇ ತೂಕಡಿಸ್ತು ಕೂಸು. ಒರಸಿ, ಒದಿಸಿ, ಕೆಂಡ ಇಟ್ಟು ಮಲಗಿಸಿವ್ನಿ." ಮುಖದಲ್ಲಿ ನೆಮ್ಮದಿ ಇತ್ತು. ಎಷ್ಟೋ ದಿನದ ನಂತರ ಮಗಳು ನರಳದೆ ಮಲಗಿದ್ದಾಳೆ ಎಂಬ ನೆಮ್ಮದಿ.

"ಅವರಪ್ಪಂದೇ ಗೊರಕೆ" ಎಂದು ಶಿವಮಲ್ಲಪ್ಪ ಜಗುಲಿಯಿಂದ ನಕ್ಕರು.

"ಮಗು?"

"ಅದೂ ಅಳಾಕಿಲ್ಲ, ಬಂಗಾರದಂತ ಮಗು. ತಾಯಿ ಮಗ್ಗುಲಲ್ಲೇ ಬೆಚ್ಚಗೆ ಮಲಗದೆ."

ಗೊರಕೆ ನಿಂತಿತು. ನಾನು ಕಿವಿಗೊಟ್ಟೆ. ಬಹಳ ಹೊತ್ತಾದ ಮೇಲೆ ಮತ್ತೆ ಬಂತು. ನನ್ನ ಕಾಲು ಹೊಸಲಿನ ಹತ್ತಿರ ಹೋಯಿತು. "ಸಿಸ್ಟರಮ್ಮ" ಎಂದು ಶಿವಮಲ್ಲಪ್ಪ ದನಿ ಎತ್ತಿದರು. "ಒಂದು ಸಲ ಏಳಿದ್ರೆ ಗೊತ್ತಾಗಾಕಿಲ್ವಾ? ಅನ್ನೊಂದ್ನೇ ದಿನ ಇವತ್ತು. ಒಳ್ಳೇದು ಕೆಟ್ಟದ್ದು ನೋಡ್ಬೇಕು." ನಾನು ಕಾಲು ಹಿಂದೆ ತೆಗೆದೆ. ಅರವತ್ತಮೂರು ವರ್ಷದ ಹೆಂಗಸು, ಊರೆಲ್ಲ ಬೈದು ಬಾಯಿ ಜೋರು ಎನಿಸಿಕೊಂಡವಳು, ಮೂರಡಿ ಬಾಗಿಲ ಮುಂದೆ ಬಾಲ ಮುದುರಿಕೊಂಡು ಬ್ಯಾಗು ಹೆಗಲಿಗೆ ಹಾಕಿಕೊಂಡೆ.

ಮುಂದಿನ ರೋಗಿ ತಾಂಡವಪುರದಲ್ಲಿದ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಚೀಟಿ ಬರೆಯುತ್ತಿದ್ದೆ. ಹಳೆಯ ಪಟ್ಟಿ ಎರಡು ಕಡಿಮೆ, ಎಂದು ಬರೆದೆ. ಬರೆದವಳು ಪೆನ್ನು ಎತ್ತಲಿಲ್ಲ. ರಮ್ಯ ಡಾಕ್ಟರು ಶಂಭುಲಿಂಗಪ್ಪನವರಿಗೆ ಮೊದಲ ಪಟ್ಟಿ ಅಂಟಿಸಿದ ದಿನ ಹೇಳಿದ್ದರು: ಎಬ್ಬಿಸಿದರೂ ಏಳದ ನಿದ್ದೆ, ಮಧ್ಯೆ ಮಧ್ಯೆ ನಿಲ್ಲುವ ಗೊರಕೆ, ಇದು ನಿದ್ದೆಯಲ್ಲ, ಔಷಧಿ ಜಾಸ್ತಿಯಾಗಿ ಉಸಿರು ಕಟ್ಟುತ್ತಿರುವುದು, ತಕ್ಷಣ ಆಸ್ಪತ್ರೆಗೆ ತನ್ನಿ ಎಂದು. ಎದೆ ಮುಟ್ಟಿ ಕೋಣೆ ತೋರಿಸಿದ ಆ ಮನುಷ್ಯನ ಕೈ ಆಗ ಅರ್ಥವಾಯಿತು. ನನ್ನ ಪಟ್ಟಿ ಅಲ್ಲಿದೆ ಎಂದು ಹೇಳುತ್ತಿದ್ದರು ಕಣ್ರೀ! ಮಾತಿಲ್ಲದ ಮನುಷ್ಯನಿಗೆ ತಿಳಿದದ್ದು, ನರ್ಸಾದ ನನಗೆ ತಿಳಿಯಲಿಲ್ಲ.

"ನಿಲ್ಸಪ್ಪಾ" ಎಂದು ಕಿರುಚಿದೆ. ಇಳಿದು ನಂಜೇಶನಿಗೆ ಫೋನು ಹಚ್ಚಿದೆ.

"ಸಿಸ್ಟರ್, ಶ್ವೇತ ಏಳ್ತಾನೇ ಇಲ್ಲ" ಎಂದ. "ತುಟಿಯೆಲ್ಲ ನೀಲಿ ಆಗದೆ. ಕಾರಲ್ಲಾಕ್ಕೊಂಡು ನಂಜನಗೂಡಿಗೆ ಓಯ್ತಾ ಇದೀವಿ."

"ಮೈಮೇಲೆ ಅಪ್ಪನ ಪಟ್ಟಿ ಅಂಟಿಸಿದ್ದಾರಾ ನೋಡು! ಕಿತ್ತು ಹಾಕು ಮೊದಲು!"

"ಯಾವ ಪಟ್ಟಿ?"

"ಆಯಮ್ಮನ ಮಾತು ಏನ್ಲಾ ಈಗ? ಫೋನ್ ಮಡಗ್ಲಾ" ಎಂದು ಶಿವಮಲ್ಲಪ್ಪ ಗದರಿದ್ದು ಕೇಳಿಸಿತು. ಫೋನು ಕಟ್ಟಾಯಿತು.

ಆಟೋ ಹಿಡಿದು ನಾನು ನಂಜನಗೂಡಿನ ಆಸ್ಪತ್ರೆ ಸೇರುವ ಹೊತ್ತಿಗೆ ಶ್ವೇತ ಹೋಗಿದ್ದಳು. ಡ್ಯೂಟಿ ಡಾಕ್ಟರು ಮಧುಕುಮಾರ್ ವರಾಂಡದಲ್ಲಿ ನಿಂತು ಹೇಳುತ್ತಿದ್ದರು: "ಬರುವಾಗಲೇ ಉಸಿರು ನಿಂತಿತ್ತು. ಅರ್ಧ ಗಂಟೆ ಪ್ರಯತ್ನ ಮಾಡಿದ್ವಿ." ನಂಜೇಶ ಗೋಡೆಗೆ ಮುಖ ಕೊಟ್ಟು ಅಳುತ್ತಿದ್ದ. ಸರ್ವಮಂಗಳಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ. ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. ಹೆರಿಗೆಗೆ ತವರಿಗೆ ಬಂದ ಮೇಲೂ ಶಾಲೆಯ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದ ಹುಡುಗಿ. ಹಪ್ಪಳ ಸುಟ್ಟಂಗೆ ಸುಡುತ್ತಾರೆ ಎಂದು ನಗಿಸಿದ ಹುಡುಗಿ.

"ಏನು ಔಷಧಿ ಕೊಟ್ಟಿದ್ರಿ ಇವರಿಗೆ?" ಎಂದು ಡಾಕ್ಟರು ಕೇಳಿದರು.

"ಏನೂ ಇಲ್ಲ ಸಾ" ಎಂದರು ಶಿವಮಲ್ಲಪ್ಪ. "ಬಾಣಂತಿ ಸನ್ನಿ ಕಣ್ರೀ ಇದು. ನಮ್ಮಲ್ಲಿ ಇಂದ್ಲಿಂದ್ಲೂ ಅದೆ. ಶೀತ ತಗುಲ್ತು ಅಂದ್ರೆ ಎಣ್ಣುಮಕ್ಳು ಇಂಗೇ ಓಗೋದು. ಬಾಡಿ ಕೊಟ್ಬುಡಿ, ಒತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು."

"ಸನ್ನಿ ಅಲ್ಲ ಡಾಕ್ಟ್ರೇ" ಎಂದು ನಾನು ನುಗ್ಗಿದೆ. "ಇವರ ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದಾರೆ. ಫೆಂಟನಿಲ್ ಪ್ಯಾಚು ಹಾಕ್ತಿದ್ದೀವಿ. ಹಳೇದು ಎರಡು ಲೆಕ್ಕಕ್ಕೆ ಸಿಗ್ತಿಲ್ಲ."

"ಕಾಲಿಟ್ಟ ಮನೇಲೆಲ್ಲ ಎಣ ಎತ್ತುಸೋಳು ನೀನು!" ಶಿವಮಲ್ಲಪ್ಪ ನನ್ನ ಮೇಲೆ ಏರಿ ಬಂದರು. "ಬಾಣಂತಿ ಬಾಗ್ಲಲ್ಲಿ ನಿಂತು ಇಣಕಿದ್ಯಲ್ಲ, ಅದ್ಕೇ ಇಂಗಾಗಿದ್ದು. ಇವ್ಳ ಮಾತು ಕೇಳ್ಬ್ಯಾಡಿ ಸಾ."

ಮಧುಕುಮಾರ್ ನನ್ನನ್ನೂ ಅವರನ್ನೂ ನೋಡಿದರು. "ಬೆನ್ನ ಮೇಲೆ ಚೌಕವಾಗಿ ಕೆಂಪಗಾಗಿದೆ. ಆದರೆ ಪಟ್ಟಿ ಯಾವುದೂ ಇರಲಿಲ್ಲ" ಎಂದರು. ಆಮೇಲೆ ಅವರ ಕಣ್ಣು ಮಗುವಿನ ಮೇಲೆ ಬಿತ್ತು. ಹತ್ತಿರ ಹೋಗಿ ಕೆನ್ನೆ ತಟ್ಟಿದರು. ಅಂಗಾಲು ಚಿವುಟಿದರು. ಮಗು ಕಾಲೆಳೆದುಕೊಳ್ಳಲಿಲ್ಲ.

"ಎಷ್ಟು ಹೊತ್ತಾಯ್ತು ಹಾಲು ಕುಡಿದು?"

ಡಾಕ್ಟರು ಮಗುವಿನ ಎದೆಗೆ ಸ್ಟೆತಸ್ಕೋಪು ಒತ್ತಿ ಹಿಡಿದರು.

"ಉಸಿರು ಬಹಳ ನಿಧಾನ ಇದೆ. ಇಂಥ ಮಗುವಿಗೆ ಹತ್ತು ಕಾರಣ ಇರಬಹುದು. ಏನಾಗಿದೆ ಅಂತ ಹೇಳಿದ್ರೆ ಸರಿಯಾದ ಇಂಜೆಕ್ಷನ್ ಕೊಡ್ತೀನಿ. ಹುಡುಕುತ್ತಾ ಕೂರೋಕೆ ಸಮಯ ಇಲ್ಲಮ್ಮ."

ಶಿವಮಲ್ಲಪ್ಪ ಸರ್ವಮಂಗಳಮ್ಮನ ಪಕ್ಕಕ್ಕೆ ಬಂದು ಬಗ್ಗಿದರು. ಮೆಲ್ಲಗೇ ಹೇಳಿದರು, ಆದರೆ ನನಗೆ ಕೇಳಿಸಿತು. "ಬಾಯಿ ಬುಟ್ಯೋ, ಪೋಲೀಸು, ಜೈಲು. ಮನೆ ಮರ್ವಾದೆ ಬೀದೀಲಿ ಬೀಳ್ತದೆ. ನಂಜೇಶನಿಗೆ ಯಾರು ಎಣ್ಣು ಕೊಟ್ಟಾರು? ಮಗಳಂತೂ ಓಗ್ಬುಟ್ಲು. ನೀನು ಬಾಯ್ಬುಟ್ರೆ ಎದ್ದು ಬಂದಾಳಾ?"

ನಾನು ಅವರ ಕಾಲಬುಡದಲ್ಲಿ ಕುಕ್ಕರಗಾಲಲ್ಲಿ ಕೂತೆ. ಕೋಪವೆಲ್ಲ ಎಲ್ಲಿ ಹೋಯಿತೋ. "ಅಕ್ಕಾ" ಎಂದೆ. ಯಾವತ್ತೂ ಹಾಗೆ ಕರೆದಿರಲಿಲ್ಲ. "ತಪ್ಪು ನಂದೂ ಇದೆ. ನಿಮಗೆ ಹೇಳಬೇಕಾದ್ದನ್ನ ನಿಮಗೆ ಹೇಳಲಿಲ್ಲ. ಆದರೆ ಈ ಮಗು ಇನ್ನೂ ಉಸಿರಾಡ್ತಾ ಇದೆ. ಒಂದು ಮಾತು ಆಡಿ."

ಸರ್ವಮಂಗಳಮ್ಮ ಸೆರಗಿನ ಗಂಟು ಬಿಚ್ಚಿದರು. ಮುದುರಿದ ಒಂದು ಪಟ್ಟಿ ತೆಗೆದು ಡಾಕ್ಟರ ಮುಂದೆ ಹಿಡಿದರು.

"ನಾನೇ ಅಂಟಿಸ್ದೆ" ಎಂದರು. "ಸನಿವಾರ ಸಂಜೆ ಸೊಂಟ ಅಂತ ಗೋಳಾಡ್ತು. ಅವರಪ್ಪಂಗೆ ಅಂತಾ ನೋವೇ ನಿಂತದೆ, ಇದ್ಯಾವ ದೊಡ್ಡ ನೋವು ಅಂತ, ಅವರಿಗೆ ತೆಗೆದಿದ್ನ ಒಂದು ಬೆನ್ನಿಗಾಕ್ದೆ. ಒಸದು ಮುಟ್ಟಲಿಲ್ಲ ಸಾ, ಅದು ಅವರ್ದು. ಬೆಳಗಾದ್ರೂ ನೋವು ಬಗ್ಗಲಿಲ್ಲ ಅಂತ ಇನ್ನೊಂದಾಕ್ದೆ. ಮ್ಯಾಲೆ ಬಿಸಿ ಮರಳಿನ ಗಂಟಲ್ಲಿ ಶಾಖ ಕೊಟ್ಟೆ. ನಮ್ಮಲ್ಲಿ ಯಾವ ಪಟ್ಟಿ ಆಕುದ್ರೂ ಶಾಖ ಕೊಡ್ತೀವಿ. ಆಮೇಲೆ ನಿದ್ದೆ ಬಂತು. ನಾನು ಕೈ ಮುಗುದೆ ದ್ಯಾವ್ರಿಗೆ, ನಿದ್ದೆ ಬಂತಲ್ಲ ಅಂತ."

"ಎರಡಾ?" ಎಂದು ಡಾಕ್ಟರು ಕೂಗಿದರು. "ಇಲ್ಲಿ ಒಂದೇ ಇದೆ. ಇನ್ನೊಂದೆಲ್ಲಿ?"

"ಫೋನಲ್ಲಿ ಪಟ್ಟಿ ಅಂದಿದ್ದು ಕೇಳಿ, ಕಾರಲ್ಲಿ ಕೀಳೋಕೋದ್ರೆ ಒಂದೇ ಸಿಕ್ತು. ಬೆಳಿಗ್ಗೆ ನೀರಾಕುವಾಗ ಎಲ್ಡೂ ಇತ್ತು, ಒಂದರ ಅಂಚು ಬಿಟ್ಕೊಂಡಿತ್ತು. ಬೆವರಿಗೆ ಆಸಿಗೇಲಿ ಬಿದ್ದೋಗದೆ ಅನ್ಕಂಡೆ."

ಹಾಸಿಗೆ. ತಾಯಿಯ ಮಗ್ಗುಲು. ನಾನು ಅವರ ಮಡಿಲಿಂದ ಮಗುವನ್ನು ಕಿತ್ತುಕೊಂಡೆ ಎಂದೇ ಹೇಳಬೇಕು. ಒಳಗಿನ ಟೇಬಲ್ಲಿನ ಮೇಲೆ ಹಾಕಿ, ಸುತ್ತಿದ್ದ ಬಟ್ಟೆ ಬಿಚ್ಚಿದೆ. ಒಂದು ಶಾಲು, ಅದರೊಳಗೆ ಹಳೆಯ ಪಂಚೆ, ಅದರೊಳಗೆ ಇನ್ನೊಂದು ಸೀರೆ ತುಂಡು. ಬೋರಲು ಹಾಕಿದೆ. ಎಡತೊಡೆಯ ಹಿಂದೆ ಇತ್ತು. ಅಷ್ಟು ಚಿಕ್ಕ ಕಾಲಿಗೆ ಆ ಪಟ್ಟಿ ಮುಕ್ಕಾಲು ಸುತ್ತು ಬಂದಿತ್ತು.

ವರಾಂಡದಲ್ಲಿ ಯಾರೋ ಚೀರಿದರು. ನಾನು ಪಟ್ಟಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಆ ಜಾಗ ಒರೆಸಿದೆ. ಡಾಕ್ಟರು ಮುಖಕ್ಕೆ ಮಾಸ್ಕ್ ಹಿಡಿದು ಬಲೂನಿನಂಥ ಚೀಲ ಒತ್ತಿ ಉಸಿರು ಕೊಡತೊಡಗಿದರು. ಆ ಔಷಧಿಯ ವಿಷ ಇಳಿಸುವ ಇಂಜೆಕ್ಷನ್ನನ್ನು ಅಲ್ಲಿಯ ನರ್ಸು ಓಡಿ ತಂದಳು. ಒಂದು ಸಲ ಕೊಟ್ಟರು. ಮಗು ಹಾಗೇ ಇತ್ತು. ಎರಡನೆಯ ಸಲ ಕೊಟ್ಟರು. ನಾನು ನಂಜುಂಡೇಶ್ವರನಿಗೂ ಬೈದೆ, ನನಗೂ ಬೈದುಕೊಂಡೆ. ಆಮೇಲೆ ಆ ಪುಟ್ಟ ಮುಖ ಮುದುಡಿತು. ಬಾಯಿ ತೆರೆಯಿತು. ಮೊದಲು ಸದ್ದೇ ಇಲ್ಲ, ಆಮೇಲೆ ಬೆಕ್ಕಿನ ಮರಿಯ ದನಿ, ಆಮೇಲೆ ಆಸ್ಪತ್ರೆಯೆಲ್ಲ ಕೇಳುವ ಹಾಗೆ ಅತ್ತಿತು.

"ಇನ್ನೂ ಗಂಡಾಂತರ ಕಳೆದಿಲ್ಲ. ಚರ್ಮದೊಳಗಿರೋ ಔಷಧಿ ಇಳೀತಾನೇ ಇರುತ್ತೆ, ಮತ್ತೆ ಉಸಿರು ನಿಧಾನ ಆಗಬಹುದು. ಮೈಸೂರಿಗೆ ಕಳಿಸ್ತೀನಿ, ಪಕ್ಕದಲ್ಲೇ ಕೂತು ಕಾಯಬೇಕು" ಎಂದರು ಮಧುಕುಮಾರ್.

ಮದನ್ ತಿ. ನರಸೀಪುರದಿಂದ ಆಗಷ್ಟೇ ಓಡಿ ಬಂದ. ಹೆಂಡತಿಗೆ ಹುಷಾರಿಲ್ಲ ಎಂದಷ್ಟೇ ಅವನಿಗೆ ಹೇಳಿದ್ದರು. ಮಿಕ್ಕವರು ತಲೆ ತಗ್ಗಿಸಿದರು. ಸರ್ವಮಂಗಳಮ್ಮ ಎದ್ದು ಅಳಿಯನ ಮುಂದೆ ನಿಂತು, ಇದ್ದದ್ದು ಇದ್ದ ಹಾಗೆ, ತಮ್ಮ ಬಾಯಿಂದಲೇ ಹೇಳಿದರು. ಆ ಹುಡುಗ ಹೊಡೆಯಲು ಕೈಯೆತ್ತಿದ. ಅವರು ಮುಖ ತಿರುಗಿಸಲಿಲ್ಲ. ಎತ್ತಿದ ಕೈ ಹಾಗೇ ಇಳಿಯಿತು. ಮಗುವಿನ ಜೊತೆ ಆಂಬುಲೆನ್ಸ್ ಹತ್ತಿದ.

ಮೂರು ಗಂಟೆಗೆ ಪೊಲೀಸಿನವನು ಹೇಳಿಕೆ ಬರೆದುಕೊಳ್ಳಲು ಬಂದ. ಶಿವಮಲ್ಲಪ್ಪ ಅವನನ್ನು ಪಕ್ಕಕ್ಕೆ ಕರೆದರು. "ನೋಡಪ್ಪಾ, ಮಗು ಬದುಕ್ತಲ್ಲ. ಇನ್ಯಾಕೆ ಇದೆಲ್ಲ? ಬಾಣಂತಿ ಸನ್ನಿ ಅಂತ ಬರ್ಕೊ. ಆ ದರಿದ್ರ ಪಟ್ಟಿಗಳ್ನ ಇವತ್ತೇ ಒಲೆಗಾಕುಸ್ತೀನಿ. ನನ್ ತಮ್ಮಂಗೂ ಬ್ಯಾಡ, ಇನ್ಮೇಲೆ ಊರಲ್ಲಿ ಯಾರ್ಗೂ ಬ್ಯಾಡ."

ಊರಿನಿಂದ ಬಂದವರೆಲ್ಲ ಹೌದು ಹೌದು ಎಂದರು. ನಂಬಿ, ನನಗೆ ಆಗ ಭಯವಾಯಿತು. ಒಂದು ಸಾವಿನಿಂದ ಈ ಜನ ಕಲಿಯುವುದು ಇದನ್ನೇ. ಹಂಚುವುದನ್ನು ಬಿಡುವುದಿಲ್ಲ, ಔಷಧಿಯನ್ನೇ ಬಿಡುತ್ತಾರೆ. ಶಂಭುಲಿಂಗಪ್ಪ ಮತ್ತೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ. ಮುಂದಿನ ಮನೆಯಲ್ಲಿ ಇನ್ನೊಬ್ಬ ತಾಯಿ ಇನ್ನೊಂದು ಮಾತ್ರೆಯನ್ನು ಇನ್ನೊಬ್ಬ ಮಗಳಿಗೆ ನುಂಗಿಸುತ್ತಾಳೆ, ಸತ್ತರೆ ಸನ್ನಿ ಎನ್ನುತ್ತಾರೆ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸರ್ವಮಂಗಳಮ್ಮನ ದನಿ ಬಂತು.

"ಭಾವ, ಸುಮ್ನಿರಿ."

ಆ ಮನೆಗೆ ಸೊಸೆಯಾಗಿ ಬಂದ ಮೂವತ್ತೆಂಟು ವರ್ಷದಲ್ಲಿ ಅವರು ಭಾವನ ಎದುರು ಹಾಗೆ ಮಾತಾಡಿರಲಿಲ್ಲ.

"ಸನ್ನಿ ಅಂತ ಬರೀಬ್ಯಾಡಿ ಸಾ" ಎಂದರು ಪೊಲೀಸಿನವನಿಗೆ. "ತಪ್ನ ಪಟ್ಟಿ ಮ್ಯಾಲೂ ಆಕ್ಬ್ಯಾಡಿ, ಅದು ನಮ್ಮ ಯಜಮಾನ್ರ ಔಸ್ದಿ, ಅವರ್ಗೆ ನಾಳೆ ಬದ್ಲಾಯಿಸ್ಬೇಕು. ಅಪ್ಪಂಗೆ ಕೊಟ್ಟಿದ್ನ ಮಗಳಿಗಾಕಿ ಕೊಂದೋಳು ಎತ್ತ ತಾಯಿ, ಸರ್ವಮಂಗಳಮ್ಮ ಅಂತ ಬರೀರಿ. ಬರ್ದಿದ್ನ ಜೋರಾಗಿ ಓದಿ. ಇವ್ರೆಲ್ಲ ಕೇಳಿಸ್ಕಳ್ಳಲಿ. ಇವ್ರ ಮನೇಲೂ ಎಣ್ಣುಮಕ್ಳವ್ರೆ."

ಪೊಲೀಸಿನವನು ಬರೆದ. ಆಮೇಲೆ, ಅವರು ಕೇಳಿದ ಹಾಗೆಯೇ, ಜೋರಾಗಿ ಓದಿದ.